ಶಾಕ್ ಹೊಡೆಯುವ ಹಳೇ ರೇಂಜ್ ಸುಟ್ಟಿಲ್ಲ, ಮಳೆ ಕುಡಿದಿದೆ

ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟ್ ಬಂಗಲೆಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಹಳೇ ಎಲೆಕ್ಟ್ರಿಕ್ ಕುಕಿಂಗ್ ರೇಂಜ್ ಉಳಿದಿದೆ. ಮೇಲೆ ನಾಲ್ಕು ಕಾಯಿಲ್, ಕೆಳಗೆ ಓವನ್, ಮೈತುಂಬಾ ಬಿಳಿ ಎನಾಮಲ್. ಗ್ಯಾಸ್ ಬಂದ ಮೇಲೆ ಗೋದಾಮಿನ ಮೂಲೆ ಸೇರಿದವು. ಯಾರಾದರೂ ಆಸೆಪಟ್ಟು ಹೊರಗೆ ತಂದು ಕರೆಂಟ್ ಕೊಟ್ಟರೆ ಒಂದೋ ಮುಟ್ಟಿದ ಕೈ ಜುಮ್ಮೆನ್ನುತ್ತದೆ, ಇಲ್ಲ ಮನೆಯ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸುರಕ್ಷತಾ ಸ್ವಿಚ್) ಟಪ್ ಅಂತ ಬೀಳುತ್ತದೆ. ತಕ್ಷಣ ತೀರ್ಪು: "ಕಾಯಿಲ್ ಸುಟ್ಟಿದೆ, ಗುಜರಿಗೆ ಹಾಕಿ."

ಈ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಕಾಯಿಲ್ ಸುಟ್ಟು ತುಂಡಾಗಿದ್ದರೆ ಅದು ಬಿಸಿಯೇ ಆಗುವುದಿಲ್ಲ, ಸುಮ್ನೆ ತಣ್ಣಗೆ ಕೂತಿರುತ್ತದೆ. ಬಿಸಿಯೂ ಆಗಿ, ಶಾಕೂ ಹೊಡೆದರೆ ಜಾಸ್ತಿ ಸಲ ಕಾರಣ ತೇವ.

ನಮಗೆ ಕಾಣುವ ಕಪ್ಪು ಸುರುಳಿ ಬರೀ ಹೊರಗಿನ ಕೊಳವೆ. ಅದರಲ್ಲಿ ಕರೆಂಟ್ ಹರಿಯಬಾರದು. ಹರಿಯುವುದು ಒಳಗಿನ ಸಣ್ಣ ನೈಕ್ರೋಮ್ ತಂತಿಯಲ್ಲಿ. ಎರಡರ ನಡುವೆ ಮೆಗ್ನೀಸಿಯಂ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಈ ಪುಡಿ ಶಾಖವನ್ನು ದಾಟಿಸುತ್ತದೆ, ಕರೆಂಟನ್ನು ತಡೆಯುತ್ತದೆ. ಎಂಥಾ ಗುಣ ಅಲ್ವಾ! ತಾಮ್ರದಂಥ ಲೋಹದಲ್ಲಿ ಎರಡನ್ನೂ ಹೊರುವುದು ಮುಖ್ಯವಾಗಿ ಅದೇ ಎಲೆಕ್ಟ್ರಾನ್‌ಗಳು. ಈ ಪುಡಿಯಲ್ಲಿ ಎಲೆಕ್ಟ್ರಾನ್‌ಗಳಿಗೆ ಅಲೆಯುವ ಸ್ವಾತಂತ್ರ್ಯವಿಲ್ಲ. ಆದರೆ ಮೆಗ್ನೀಸಿಯಂ, ಆಕ್ಸಿಜನ್ ಎರಡೂ ಹಗುರ, ಅವುಗಳ ನಡುವಿನ ಹಿಡಿತ ಬಲು ಬಿಗಿ. ಒಂದು ಕಂಪಿಸಿದರೆ ಪಕ್ಕದ್ದೂ ಕಂಪಿಸುತ್ತದೆ. ಆ ಕಂಪನವೇ ಶಾಖವಾಗಿ ತಂತಿಯಿಂದ ಕೊಳವೆಗೆ, ಅಲ್ಲಿಂದ ಪಾತ್ರೆಗೆ ಸಾಗುತ್ತದೆ.

ತಂತಿಯ ಕಥೆಯನ್ನೂ ಹೇಳಲೇಬೇಕು. ಶಿವನಸಮುದ್ರದ ಕರೆಂಟ್ 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಆದರೆ ಅಡುಗೆಗೆ ಬೇಕಾದಷ್ಟು ಕೆಂಪಗೆ ಕಾದು, ಗಾಳಿಯಲ್ಲಿ ಬಹುಕಾಲ ಬಾಳುವ ಅಗ್ಗದ ತಂತಿ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್‌ಗೆ ಕ್ರೋಮಿಯಂ ಬೆರೆಸಿದ ತಂತಿಗೆ, ಅಂದರೆ ಈ ನೈಕ್ರೋಮ್‌ಗೆ, ಪೇಟೆಂಟ್ ಪಡೆದರು. ಕಾದಾಗ ಮೇಲ್ಮೈಯಲ್ಲಿ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಕಟ್ಟುತ್ತದೆ. ಅದು ಆಕ್ಸಿಜನ್ನನ್ನು ಒಳಗೆ ಬಿಡುವುದಿಲ್ಲ. ಆ ಕ್ರೋಮಿಯಂ ನಮಗೆ ದೂರದ್ದೇನಲ್ಲ. ಅದರ ಅದಿರನ್ನು ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಶಿಲಾಪಟ್ಟಿಯ ಬೈರಾಪುರದಲ್ಲೇ ಅಗೆದಿದ್ದಾರೆ.

ಬಿಳಿ ಪುಡಿಗೆ ಒಂದು ದೌರ್ಬಲ್ಯವಿದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲವಾದ ಡಬ್ಬಿಯ ಉಪ್ಪಿನ ಹಾಗೆ ಗಾಳಿಯ ತೇವ ಹೀರುತ್ತದೆ. ಕೊಳವೆಯ ಎರಡೂ ತುದಿಗೆ ಹಾಕಿದ ಸೀಲ್ ಹಳತಾಗಿ ಬಿರುಕು ಬಿಟ್ಟಿರುತ್ತದೆ. ಬೆರಳಿನಲ್ಲಿ ತಟ್ಟಿದರೆ ಪುಡಿ ಉದುರುವುದೂ ಉಂಟು. ಮಲೆನಾಡಿನ ಎಷ್ಟೋ ಮಳೆಗಾಲ ಆ ಬಿರುಕಿನಿಂದ ಒಳಗೆ ಹೋಗಿವೆ. ತೇವವಾದ ಪುಡಿಯ ಮೂಲಕ ತಂತಿಯ ಕರೆಂಟ್ ಕೊಳವೆಗೆ ಸೋರುತ್ತದೆ. 30 ಮಿಲಿಆಂಪಿಯರ್ ಸೋರಿದರೆ ಸಾಕು, ಮನೆಗೆ ಹಾಕುವ ಇಎಲ್‌ಸಿಬಿ ಬೀಳಲು.

ಮಲ್ಟಿಮೀಟರ್ ಹಿಡಿದು "ಎಲ್ಲಾ ಸರಿ ಇದೆ" ಅಂದುಬಿಡಬೇಡಿ. ಅದರ ಪುಟ್ಟ ಬ್ಯಾಟರಿಯ ಒತ್ತಡಕ್ಕೆ ಈ ಸೋರಿಕೆ ಎಷ್ಟೋ ಸಲ ಸಿಗುವುದೇ ಇಲ್ಲ. 500 ವೋಲ್ಟಿನ ಮೆಗ್ಗರ್ ಬೇಕು, ಅಂದರೆ ಹೆಚ್ಚು ಒತ್ತಡ ಹಾಕಿ ಕರೆಂಟಿಗೆ ಎಷ್ಟು ತಡೆ ಇದೆಯೆಂದು ಅಳೆಯುವ ಮೀಟರ್. ಪ್ಲಗ್ ಕಿತ್ತು, ಕಾಯಿಲ್ ಬಿಚ್ಚಿ, ತಂತಿಯ ತುದಿಗೂ ಕೊಳವೆಗೂ ಹಿಡಿದು ನೋಡಿ. ತಡೆ 1 ಮೆಗಾಓಮ್‌ಗಿಂತ (ಹತ್ತು ಲಕ್ಷ ಓಮ್) ಕಡಿಮೆ ಇದ್ದರೆ ಬೇರೆ ಓವನ್‌ನಲ್ಲಿ 120 ಡಿಗ್ರಿ ಆಸುಪಾಸು ಕೆಲವು ಗಂಟೆ ಒಣಗಿಸಿ. ಆರಿದ ಮೇಲೆ ಮತ್ತೆ ಅಳೆಯಿರಿ. ಬರೀ ತೇವವಾಗಿದ್ದರೆ ಮೆಗ್ಗರಿನ ಮುಳ್ಳು ಮೇಲೇರಿರುತ್ತದೆ. ಆ ಏರಿಕೆ ನೋಡುವಾಗ ಸಿಗುವ ಖುಷಿಗೇ ನಾನು ಈ ಹಳೇ ರೇಂಜ್‌ಗಳ ಹಿಂದೆ ಬಿದ್ದಿರುವುದು. ಆಮೇಲೆ ತುದಿಗಳಿಗೆ ಶಾಖ ತಡೆಯುವ ಸೀಲಂಟ್ ಹಚ್ಚಿ. ಒಣಗಿಸಿದರೂ ಏರದ ಕಾಯಿಲನ್ನು ಬದಲಾಯಿಸಲೇಬೇಕು.

ಇಎಲ್‌ಸಿಬಿ ಬೀಳುತ್ತದೆಂದು ಅರ್ಥಿಂಗ್ ವೈರನ್ನೇ ಕಿತ್ತು ಹಾಕುವವರಿದ್ದಾರೆ. ದಯವಿಟ್ಟು ಬೇಡ. ಆ ವೈರ್ ಇಲ್ಲದಿದ್ದರೆ ಸೋರಿದ ಕರೆಂಟಿಗೆ ನೆಲಕ್ಕಿಳಿಯುವ ದಾರಿ ಅಡುಗೆ ಮಾಡುವವರ ಮೈ. ರೇಂಜ್ ಮುಟ್ಟಿ ಜುಮ್ಮೆಂದಿದ್ದರೆ ಮೊದಲು ಮನೆಯ ಅರ್ಥಿಂಗ್ ನೋಡಿಸಿ. ಇನ್ನೊಂದು ಮಾತು: ಹಳೇ ಓವನ್ ಬಾಗಿಲಿನ ಬೂದು ಬಣ್ಣದ ಹಗ್ಗ, ವೈರಿನ ಮೇಲಿನ ನಾರಿನ ಹೊದಿಕೆ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕೆರೆಯಬೇಡಿ, ಒಣಗಿದ್ದಾಗ ಉಜ್ಜಬೇಡಿ, ಹಾಗೇ ಬಿಟ್ಟು ತಿಳಿದವರನ್ನು ಕರೆಸಿ.