ನಾನೇ ತೆಗೆದ ಫೋಟೊಗೆ ನಾನೇ ಶುಲ್ಕ ಕಟ್ಟಬೇಕೆ?

ಪ್ರಶ್ನೆ: ಜಿಫ್, ಜೆಪಿಇಜಿ ಎಂಬ ಚಿತ್ರ-ಫೈಲ್ ರೂಪಗಳಿಗೆ ಪೇಟೆಂಟ್ ಇದೆ ಎಂದು ಎಲ್ಲೋ ಓದಿದೆ. ನಾನೇ ತೆಗೆದ ಫೋಟೊಗಳನ್ನು ಈ ರೂಪಗಳಲ್ಲಿ ನನ್ನ ಜಾಲತಾಣಕ್ಕೆ ಹಾಕಿದರೆ ಯಾರಿಗಾದರೂ ಹಣ ಕೊಡಬೇಕಾಗುತ್ತದೆಯೇ?

ಉತ್ತರ: ಬೇಕಾಗಿಲ್ಲ, ನೆಮ್ಮದಿಯಿಂದ ಹಾಕಿ. ಆದರೆ ಇದೇ ಪ್ರಶ್ನೆಯನ್ನು 1999ರಲ್ಲಿ ಕೇಳಿದ್ದರೆ ನಾನು ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ.

ಫೋಟೊ ನಿಮ್ಮದು, ಅದರ ಹಕ್ಕುಸ್ವಾಮ್ಯವೂ ನಿಮ್ಮದೇ. ಪೇಟೆಂಟ್ ಇರುವುದು ಚಿತ್ರದ ಮೇಲಲ್ಲ, ಅದನ್ನು ಕುಗ್ಗಿಸಿ ಫೈಲ್‌ಗೆ ಇಳಿಸುವ ವಿಧಾನದ ಮೇಲೆ. ಆದ್ದರಿಂದ ಪರವಾನಗಿಯ ಹೊರೆ ಸಾಮಾನ್ಯವಾಗಿ ಆ ಕೆಲಸ ಮಾಡುವ ತಂತ್ರಾಂಶವನ್ನೋ ಸಾಧನವನ್ನೋ ತಯಾರಿಸುವವರ ಹೆಗಲಿಗೆ ಬೀಳುತ್ತದೆ.

ಆ ವಿಧಾನ ಎಂದರೇನು? ಜಿಫ್ ಬಳಸುವ ಎಲ್‌ಝಡ್‌ಡಬ್ಲ್ಯೂ ತಂತ್ರವನ್ನೇ ನೋಡಿ. ಆಕಾಶದ ಒಂದು ಸಾಲಿನಲ್ಲಿ ಒಂದೇ ನೀಲಿಯ ಚುಕ್ಕೆಗಳಿವೆ ಎನ್ನೋಣ. ತಂತ್ರಾಂಶ ಮೊದಲ ‘ನೀಲಿ’ಯನ್ನು ಬರೆಯುತ್ತಲೇ ‘ನೀಲಿ-ನೀಲಿ’ ಎಂಬ ಜೋಡಿಗೆ ತನ್ನ ಪಟ್ಟಿಯಲ್ಲಿ ಹೊಸ ಸಂಖ್ಯೆಯೊಂದನ್ನು ಕೊಡುತ್ತದೆ. ಎರಡನೆಯ ಬಾರಿ ಆ ಒಂದೇ ಸಂಖ್ಯೆ ಎರಡು ಚುಕ್ಕೆಗಳನ್ನು ನುಂಗುತ್ತದೆ, ಮೂರನೆಯದು ಮೂರನ್ನು, ನಾಲ್ಕನೆಯದು ನಾಲ್ಕನ್ನು. ಹೀಗೆ 10 ಚುಕ್ಕೆಗಳಿಗೆ 4 ಸಂಖ್ಯೆ, 55 ಚುಕ್ಕೆಗಳಿಗೆ 10 ಸಂಖ್ಯೆ ಸಾಕು. ಸೊಗಸೆಂದರೆ ಪಟ್ಟಿಯನ್ನು ಫೈಲ್ ಜೊತೆ ಕಳುಹಿಸಬೇಕಾಗಿಲ್ಲ. ತೆರೆಯುವ ತಂತ್ರಾಂಶ ಓದುತ್ತ ಓದುತ್ತ ಅದನ್ನು ತಾನೇ ಕಟ್ಟಿಕೊಳ್ಳುತ್ತದೆ.

ಲೆಂಪೆಲ್ ಮತ್ತು ಝಿವ್ ಹಾಕಿದ ತಳಪಾಯದ ಮೇಲೆ ಟೆರ್ರಿ ವೆಲ್ಚ್ ರೂಪಿಸಿದ ಈ ತಂತ್ರಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1985ರಲ್ಲಿ. ಅದು ಮುಂದೆ ಯೂನಿಸಿಸ್ ಕಂಪನಿಯ ಸ್ವತ್ತಾಯಿತು. ಅಮೆರಿಕದ ಆನ್‌ಲೈನ್ ಸೇವಾ ಕಂಪನಿ ಕಂಪ್ಯುಸರ್ವ್ 1987ರಲ್ಲಿ ಜಿಫ್ ಹೊರತಂದಾಗ ಅದಕ್ಕೆ ಈ ಪೇಟೆಂಟಿನ ಅರಿವೇ ಇರಲಿಲ್ಲ. ಲೋಕವೆಲ್ಲ ಜಿಫ್‌ಗೆ ಒಗ್ಗಿಹೋದ ಮೇಲೆ, 1994ರ ಡಿಸೆಂಬರ್ ಕೊನೆಯಲ್ಲಿ, ತಂತ್ರಾಂಶ ತಯಾರಕರು ಪರವಾನಗಿ ಪಡೆಯಬೇಕೆಂಬ ಪ್ರಕಟಣೆ ಹೊರಬಿತ್ತು. 1999ರಲ್ಲಿ ಯೂನಿಸಿಸ್ ಇನ್ನೂ ಮುಂದೆ ಹೋಗಿ, ಪರವಾನಗಿಯಿಲ್ಲದ ತಂತ್ರಾಂಶದಿಂದ ಮಾಡಿದ ಜಿಫ್ ಚಿತ್ರಗಳಿರುವ ಜಾಲತಾಣಗಳಿಂದಲೇ 5,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೇಳತೊಡಗಿತು. ನಿಮ್ಮ ಭಯದ ಬೇರು ಬಹುಶಃ ಇಲ್ಲಿದೆ. ಸಿಟ್ಟಿಗೆದ್ದವರು ಅದೇ ವರ್ಷ ನವೆಂಬರ್ 5ನ್ನು ‘ಜಿಫ್ ಸುಡುವ ದಿನ’ ಎಂದು ಆಚರಿಸಿದರು.

ಜಾಣರು ಕಳ್ಳದಾರಿಯೊಂದನ್ನೂ ಹುಡುಕಿದ್ದರು. ಪಟ್ಟಿಯನ್ನು ಬಳಸದೆ ಪ್ರತಿ ಚುಕ್ಕೆಯನ್ನೂ ಬಿಡಿಬಿಡಿಯಾಗಿ ಬರೆದು, ಪಟ್ಟಿ ಬೆಳೆಯುವ ಮೊದಲೇ ‘ಅಳಿಸು’ ಎಂಬ ಸಂಕೇತ ಸೇರಿಸುವುದು. ಯಾವ ತಂತ್ರಾಂಶವಾದರೂ ಅದನ್ನು ಜಿಫ್ ಎಂದೇ ತೆರೆಯುತ್ತಿತ್ತು. ಆದರೆ 8 ಬಿಟ್‌ನ ಚುಕ್ಕೆ 9 ಬಿಟ್ ತಿನ್ನುತ್ತಿತ್ತು! ಕುಗ್ಗಿಸಲು ಹುಟ್ಟಿದ ರೂಪ ಚಿತ್ರವನ್ನು ಹಿಗ್ಗಿಸುತ್ತಿತ್ತು. ಇದಕ್ಕಿಂತ ಒಳ್ಳೆಯ ಪ್ರತಿಭಟನೆ ಪಿಎನ್‌ಜಿ ಎಂಬ ಹೊಸ ಚಿತ್ರರೂಪ. 1995ರ ಜನವರಿಯಲ್ಲಿ ಚರ್ಚೆಯಾಗಿ ಶುರುವಾದ ಅದು 1996ರ ಅಕ್ಟೋಬರ್ ಹೊತ್ತಿಗೆ ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಶಿಫಾರಸೇ ಆಯಿತು. ಜಿಫ್ ಪೇಟೆಂಟ್ ಅಮೆರಿಕದಲ್ಲಿ 2003ರ ಜೂನ್‌ನಲ್ಲಿ, ಯುರೋಪಿನ ಹಲವು ದೇಶಗಳಲ್ಲಿ, ಜಪಾನ್ ಮತ್ತು ಕೆನಡಾಗಳಲ್ಲಿ 2004ರಲ್ಲಿ ಮುಗಿಯಿತು. ಆ ಕಥೆ ಅಲ್ಲಿಗೆ ಸಮಾಪ್ತಿ.

ಜೆಪಿಇಜಿಯದು ಬೇರೆ ಬಗೆ. ಎಲ್ಲರೂ ಮುಕ್ತ ಎಂದುಕೊಂಡಿದ್ದ ಅದರ ಮೇಲೆ 2002ರಲ್ಲಿ ಫೋರ್ಜೆಂಟ್ ಎಂಬ ಕಂಪನಿ, ತಾನು ಕೊಂಡಿದ್ದ ಸಂಸ್ಥೆಯೊಂದರ 1987ರ ಪೇಟೆಂಟ್ ತೋರಿಸಿ ಹಕ್ಕು ಸಾಧಿಸಿತು. ಸುಮಾರು 30 ಕಂಪನಿಗಳಿಂದ 10 ಕೋಟಿ ಡಾಲರ್‌ಗೂ ಹೆಚ್ಚು ವಸೂಲಿ ಮಾಡಿತು. 2006ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಮರುಪರಿಶೀಲನೆಯಲ್ಲಿ ಅದರ ಹಲವು ಹಕ್ಕುಗಳನ್ನು ತಳ್ಳಿಹಾಕಿತು. ಅದೇ ವರ್ಷ ಪೇಟೆಂಟಿನ ಅವಧಿಯೂ ಮುಗಿಯಿತು. ಕೊಟ್ಟವರ ಹಣ ಮಾತ್ರ ಕೊಟ್ಟಂತೆಯೇ.

ಈಗ ಪೇಟೆಂಟಿನ ತೊಡಕು ಉಳಿದಿರುವುದು ಮುಖ್ಯವಾಗಿ ಎಚ್‌ಇಐಸಿ ಫೈಲ್‌ಗಳಲ್ಲಿ. 2017ರಿಂದ ಐಫೋನ್‌ಗಳು ಫೋಟೊ ಉಳಿಸುವುದು ಈ ರೂಪದಲ್ಲೇ. ಒಳಗೆ ಕುಗ್ಗಿಸುವ ಕೆಲಸ ಎಚ್‌ಇವಿಸಿ ವಿಡಿಯೊ ತಂತ್ರದ್ದು. ಅದರ ಪೇಟೆಂಟ್‌ಗಳು ಪೇಟೆಂಟ್ ಮಾಲೀಕರ ಒಂದಕ್ಕಿಂತ ಹೆಚ್ಚು ಒಕ್ಕೂಟಗಳಲ್ಲಿ ಹಂಚಿಹೋಗಿವೆ. ಕೆಲವು ಕಂಪ್ಯೂಟರ್‌ಗಳಲ್ಲಿ ಆ ಫೋಟೊ ತೆರೆಯಲು ಹೋದರೆ ಮೊದಲು ಪುಟ್ಟ ತಂತ್ರಾಂಶವೊಂದನ್ನು ಕೊಂಡುಕೊಳ್ಳಿ ಎನ್ನುವುದು ಇದೇ ಕಾರಣಕ್ಕೆ. ಜಾಲತಾಣಕ್ಕಾದರೆ ಅದನ್ನು ಜೆಪಿಇಜಿಗೆ ಬದಲಿಸಿಕೊಂಡೇ ಹಾಕಿ. ವೆಬ್‌ಪಿ, ಎವಿಐಎಫ್ ಎಂಬ ಹೊಸ ಚಿತ್ರರೂಪಗಳ ಹಿಂದಿರುವ ಕಂಪನಿಗಳು ಶುಲ್ಕ ಕೇಳುವುದಿಲ್ಲವೆಂದು ಮಾತು ಕೊಟ್ಟಿವೆ. ಅವು ಕೊಟ್ಟದ್ದು ತಮ್ಮ ಪೇಟೆಂಟ್‌ಗಳ ಮಟ್ಟಿಗಿನ ಮಾತು. ಹೊರಗಿನವರು ತಕರಾರು ತೆಗೆಯುವುದಿಲ್ಲ ಎಂಬ ಖಾತರಿಯಲ್ಲ. ಈ ವ್ಯತ್ಯಾಸ ತಲೆನೋವಾಗುವುದು ಚಿತ್ರ-ತಂತ್ರಾಂಶ ಬರೆಯುವವರಿಗೆ, ನಿಮಗಲ್ಲ.

ಒಂದು ಕುತೂಹಲದ ಸಂಗತಿ. 1992ರ ಜೆಪಿಇಜಿ ಮಾನಕದಲ್ಲೇ ಫೈಲನ್ನು ಇನ್ನಷ್ಟು ಸಣ್ಣದಾಗಿಸುವ ಅಂಕಗಣಿತೀಯ ಸಂಕೇತನ ಎಂಬ ಐಚ್ಛಿಕ ದಾರಿಯೂ ಇತ್ತು. ಅದರ ಮೇಲೆ ಐಬಿಎಂ ಮುಂತಾದವರ ಪೇಟೆಂಟ್‌ಗಳಿದ್ದವು, ಹಾಗಾಗಿ ತಂತ್ರಾಂಶ ಬರೆಯುವವರು ಅತ್ತ ಸುಳಿಯಲಿಲ್ಲ. ಆ ಪೇಟೆಂಟ್‌ಗಳು ಮುಗಿದು ವರ್ಷಗಳೇ ಕಳೆದಿವೆ. ಆದರೂ ಹಾಗೆ ಉಳಿಸಿದ ಫೋಟೊವನ್ನು ನಿಮ್ಮ ತಾಣಕ್ಕೆ ಹಾಕಿದರೆ ಪ್ರಮುಖ ಬ್ರೌಸರ್‌ಗಳು ಅದನ್ನು ತೋರಿಸುವುದಿಲ್ಲ.