ಕಬ್ಬಿನ ಟ್ರ್ಯಾಕ್ಟರ್ ಯಾಕೆ ಹಿಂದಕ್ಕೆ ಹೋಗಲ್ಲ?

ಪ್ರಶ್ನೆ: ನಮ್ಮೂರ ನಾಲೆ ಏರಿ ಮೇಲೆ ಕಾರಿನಲ್ಲಿ ಹೋಗುವಾಗ ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್ ಎದುರಾಗುತ್ತದೆ. ಎಷ್ಟು ಹಾರ್ನ್ ಹೊಡೆದರೂ ಒಂದಡಿ ಹಿಂದಕ್ಕೆ ಹೋಗಲ್ಲ. ಅಷ್ಟುದ್ದದ ಕಂಟೇನರ್ ಲಾರಿಗಳೇ ರಿವರ್ಸ್ ಹೋಗುತ್ತವೆ, ಇವರಿಗೇನು ಕಷ್ಟ?

ಉತ್ತರ: ಅವರು ಹಟ ಹಿಡಿದು ನಿಂತಿರುತ್ತಾರೆ ಅಂದುಕೊಳ್ಳಬೇಡಿ. ಆ ಗಾಡಿಯನ್ನು ಅಲ್ಲಿ ಹಿಂದಕ್ಕೆ ಹಾಕಲು ನಿಜಕ್ಕೂ ಆಗುವುದಿಲ್ಲ. ಗಾಡಿ ಎಷ್ಟು ಉದ್ದ ಇದೆ ಅನ್ನುವುದಕ್ಕಿಂತ ಎಷ್ಟು ಕಡೆ ಮಡಚುತ್ತದೆ ಅನ್ನುವುದೇ ಇಲ್ಲಿ ಮುಖ್ಯ.

ಕಂಟೇನರ್ ಲಾರಿ ಮಡಚುವುದು ಒಂದೇ ಕಡೆ. ಟ್ರೇಲರ್‌ನ ಮುಂಭಾಗ ಇಂಜಿನ್ ಗಾಡಿಯ ಬೆನ್ನ ಮೇಲೆ ಕೂತಿರುತ್ತದೆ. ಕಿಂಗ್‌ಪಿನ್ ಅನ್ನುವ ಉಕ್ಕಿನ ಗೂಟವೇ ಅದರ ಕೀಲು. ರಿವರ್ಸ್‌ನಲ್ಲಿ ಡ್ರೈವರ್ ಆ ಕೀಲನ್ನು ಎಡಕ್ಕೆ ತಳ್ಳಿದರೆ ಟ್ರೇಲರ್‌ನ ಬಾಲ ಬಲಕ್ಕೆ ಹೋಗುತ್ತದೆ. ಅದಕ್ಕೇ ಸ್ಟೀರಿಂಗ್ ಉಲ್ಟಾ ತಿರುಗಿಸಬೇಕು.

ಮುಂದಕ್ಕೆ ಎಳೆದರೆ ಟ್ರೇಲರ್ ತಾನಾಗಿ ನೆಟ್ಟಗಾಗುತ್ತದೆ. ಹಿಂದಕ್ಕೆ ತಳ್ಳಿದರೆ ಚೂರು ಸೊಟ್ಟ ಇದ್ದದ್ದು ಇನ್ನೂ ಸೊಟ್ಟ ಆಗುತ್ತಾ ಹೋಗುತ್ತದೆ. ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ಆಡಿದ್ದೀರಲ್ವಾ? ಅದೇ ಕೆಲಸ ಇದು. ಉದ್ದದ ಕೋಲು ನಿಧಾನಕ್ಕೆ ವಾಲುತ್ತದೆ, ಕೈ ಸರಿಸಿಕೊಳ್ಳಲು ಸಮಯ ಸಿಗುತ್ತದೆ. ಪೆನ್ಸಿಲ್ ಆದರೆ ತಕ್ಷಣ ಬೀಳುತ್ತದೆ. ಹಾಗೇ 40 ಅಡಿಯ ಟ್ರೇಲರ್‌ಗಿಂತ ಗಿಡ್ಡ ಟ್ರೇಲರ್ ಜಾಸ್ತಿ ಕಾಡುತ್ತದೆ.

ಪೀಣ್ಯದ ಒಂದು ಕಿರಿದಾದ ರಸ್ತೆಯಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಡ್ರೈವರ್ ಶೆಡ್ಡಿನ ಗೇಟು ದಾಟಿ ಮುಂದೆ ಹೋಗಿ ನಿಲ್ಲಿಸಿದರು. ಗೇಟು ಅವರ ಬಲಗಡೆಗೇ ಇತ್ತು. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕಿರುವುದರಿಂದ ಅದೇ ಒಳ್ಳೆಯ ಕಡೆ. ಕಿಟಕಿಯಿಂದ ತಲೆ ಹಾಕಿದರೆ ಹಿಂದಿನ ಚಕ್ರ ಕಾಣುತ್ತದೆ. ಎಡಕ್ಕೆ ಹಾಕಬೇಕಿದ್ದರೆ ಬಾಕ್ಸ್ ಅಡ್ಡ ಬಂದು ಏನೂ ಕಾಣುತ್ತಿರಲಿಲ್ಲ. ಮೊದಲು ಎಡಕ್ಕೆ ಕಟ್ ಹೊಡೆದರು, ಬಾಲ ಗೇಟಿನ ಕಡೆ ತಿರುಗಿತು. ಆಮೇಲೆ ಸ್ಟೀರಿಂಗ್ ಬಲಕ್ಕೆ ತಂದು ಅದರ ಹಿಂದೆಯೇ ಹೋದರು. ಕ್ಲೀನರ್ ಹುಡುಗ “ಬರ್ಲಿ, ಬರ್ಲಿ... ಹೋಲ್ಡಾನ್ ಅಣ್ಣಾ!” ಅಂದ. ಅವರು ಇಳಿದು ಬಂದು ಗೇಟಿನ ಕಂಬಕ್ಕೂ ಟೈರಿಗೂ ನಡುವೆ ಕೈ ಇಟ್ಟು ನೋಡಿದರು. ಒಂದು ಗೇಣೂ ಇರಲಿಲ್ಲ. ಮತ್ತೆ ಹತ್ತಿ, ಮುಂದಕ್ಕೆ ಎಳೆದು, ಹೊಸದಾಗಿ ಶುರು ಮಾಡಿದರು. ಆ ಹೊತ್ತಿನಲ್ಲಿ ಹಿಂದಿನಿಂದ ಬೈಕ್ ನುಗ್ಗಿಸುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಈಗ ಕಬ್ಬಿನ ಟ್ರ್ಯಾಕ್ಟರ್‌ಗೆ ಬನ್ನಿ. ನಾಲ್ಕು ಚಕ್ರದ ಟ್ರೇಲರ್ ಆದರೆ ಎಳೆಯುವ ದಂಡ ಟ್ರ್ಯಾಕ್ಟರ್‌ಗೆ ಸೇರುವ ಕಡೆ ಒಂದು ಕೀಲು. ಎತ್ತಿನ ಗಾಡಿಯ ಮೂಕಿಯಂತಿರುವ ಆ ದಂಡದ ಜೊತೆ ಮುಂದಿನ ಚಕ್ರಗಳೂ ತಿರುಗುತ್ತವೆ, ಅಲ್ಲಿ ಇನ್ನೊಂದು. ಎರಡು ಟ್ರೇಲರ್‌ಗೆ ಒಟ್ಟು ನಾಲ್ಕು. ಕೋಲಿನ ಮೇಲೆ ಕೋಲು, ಅದರ ಮೇಲೆ ಮತ್ತೆರಡು ಕೋಲು ನಿಲ್ಲಿಸಿದ ಹಾಗೆ! ಡ್ರೈವರ್ ಕೈಗೆ ನೇರವಾಗಿ ಸಿಗುವುದು ಮೊದಲ ಕೀಲು ಮಾತ್ರ. ಸಾಲದ್ದಕ್ಕೆ ಕಬ್ಬು ಎರಡೂ ಬದಿಗೆ ಚಾಚಿಕೊಂಡು ಹಿಂದೆ ಏನಿದೆ ಅಂತಲೇ ಕಾಣುವುದಿಲ್ಲ. ಏರಿ ಮೇಲೆ ಟ್ರೇಲರ್ ಅಡ್ಡಕ್ಕೆ ಮಡಚಿದರೆ ಸೀದಾ ನಾಲೆಗೆ.

ಆಸ್ಟ್ರೇಲಿಯಾದ ರೋಡ್ ಟ್ರೇನ್‌ಗಳು 53.5 ಮೀಟರ್‌ವರೆಗೂ ಉದ್ದ ಇರುತ್ತವೆ. ನುರಿತ ಡ್ರೈವರ್‌ಗಳು ಅಂಥವನ್ನೂ ವಿಶಾಲ ಬಯಲಿನಲ್ಲಿ ಹಿಂದಕ್ಕೆ ಹಾಕುವುದುಂಟು. ಆದರೆ ಜಾಗ ಕಡಿಮೆ ಇದ್ದರೆ ಅಲ್ಲೂ ಟ್ರೇಲರ್ ಬಿಚ್ಚುವುದೇ ದಾರಿ. ನಮ್ಮ ಟ್ರ್ಯಾಕ್ಟರ್‌ನವರಿಗೂ ಅಷ್ಟೇ: ಹಿಂದಿನ ಟ್ರೇಲರ್ ಬಿಚ್ಚಬೇಕು. ತುಂಬಿದ ಲೋಡಿನಲ್ಲಿ, ಏರಿ ಮಧ್ಯೆ, ಅದು ಆಗುವ ಮಾತಲ್ಲ.

ನಿಮ್ಮ ಕಾರಿಗೆ ಒಂದೂ ಕೀಲಿಲ್ಲ. ತೂಬಿನ ಹತ್ತಿರವೋ ಜಾಗ ಅಗಲ ಇರುವ ಕಡೆಗೋ ನೀವೇ ಹಿಂದೆ ಹೋಗಿ ನಿಲ್ಲಿಸಿ. ಟ್ರ್ಯಾಕ್ಟರ್ ದಾಟಿದ ಕೂಡಲೇ ಹೊರಡಬೇಡಿ. ಎರಡನೇ ಟ್ರೇಲರ್ ಆಚೀಚೆ ತೂಗಾಡುತ್ತಾ ಬರುತ್ತಿರುತ್ತದೆ, ಅದೂ ಪೂರ್ತಿ ಹೋಗಲಿ.