ಹನ್ನೊಂದಕ್ಕೆ ಮುಚ್ಚಿದರೋ, ಮುಚ್ಚಿತ್ತೋ?

‘ದ ಹೋಟೆಲ್ ವಾಸ್ ಕ್ಲೋಸ್ಡ್ ಅಟ್ ಇಲೆವೆನ್.’ ನಾಲ್ಕನೇ ಕ್ಲಾಸಿನ ಮಕ್ಕಳೂ ಓದಿ ಅರ್ಥ ಹೇಳುವ ಇಂಗ್ಲಿಷ್ ವಾಕ್ಯ. ಆದರೆ ಇದಕ್ಕೆ ಎರಡು ಅರ್ಥಗಳಿವೆ. ಹನ್ನೊಂದಕ್ಕೆ ಸರಿಯಾಗಿ ಬಾಗಿಲು ಹಾಕಿದರು ಅನ್ನುವುದು ಒಂದು. ಹನ್ನೊಂದು ಗಂಟೆಗೆ ನೋಡಿದಾಗ ಬಾಗಿಲು ಹಾಕಿತ್ತು, ಯಾವಾಗ ಹಾಕಿದರೋ ಗೊತ್ತಿಲ್ಲ ಅನ್ನುವುದು ಇನ್ನೊಂದು. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನೋಣವೆಂದು ಹತ್ತೂಮುಕ್ಕಾಲಿಗೆ ಮನೆ ಬಿಟ್ಟವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಮೊದಲನೇ ಅರ್ಥದಲ್ಲಿ ದೋಸೆ ಸಿಗುತ್ತದೆ. ಎರಡನೆಯದರಲ್ಲಿ ಕಾವಲಿ ಯಾವಾಗಲೋ ತಣ್ಣಗಾಗಿರಬಹುದು.

ಈಗ ‘ಅಟ್ ಇಲೆವೆನ್’ ತೆಗೆದು ‘ಅರ್ಲಿ’ ಹಾಕಿ. ‘ದ ಹೋಟೆಲ್ ವಾಸ್ ಕ್ಲೋಸ್ಡ್ ಅರ್ಲಿ.’ ಗೊಂದಲ ಮಾಯ! ಇಲ್ಲಿ ಯಾರೋ ಎದ್ದು ಹೋಗಿ ಬಾಗಿಲು ಎಳೆದರು, ಎಂದಿಗಿಂತ ಬೇಗ ಎಳೆದರು ಅನ್ನುವ ಅರ್ಥವೇ ಬರುತ್ತದೆ. ‘ಆಲ್ರೆಡಿ’ ಸೇರಿಸಿ ‘ವಾಸ್ ಆಲ್ರೆಡಿ ಕ್ಲೋಸ್ಡ್’ ಅನ್ನಿ. ಅರ್ಥ ಉಲ್ಟಾ ಆಯಿತು. ಈಗ ಬಾಗಿಲು ಎಳೆಯುವ ಕೆಲಸ ಕಾಣುವುದಿಲ್ಲ, ಮುಚ್ಚಿದ ಬಾಗಿಲು ಮಾತ್ರ ಕಾಣುತ್ತದೆ. ಕ್ರಿಯಾಪದ ಅದೇ, ಸಹಾಯಕ ಪದವೂ ಅದೇ. ಬದಲಾದದ್ದು ಕಾಲ ಹೇಳುವ ಒಂದೇ ಒಂದು ಪದ. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಒಂದು ಹಳಿ ಬೆಂಗಳೂರಿನ ಕಡೆ, ಇನ್ನೊಂದು ಚಿತ್ರದುರ್ಗದ ಕಡೆ ಒಡೆಯುತ್ತದೆ, ಅಲ್ವಾ? ‘ವಾಸ್ ಕ್ಲೋಸ್ಡ್’ ಅಂಥ ಜಂಕ್ಷನ್ನಿಗೆ ಬಂದು ನಿಂತ ರೈಲು. ಕಾಲ ಹೇಳುವ ಪದವೇ ಅದನ್ನು ಯಾವ ಹಳಿಗೆ ಬಿಡಬೇಕೆಂದು ತೀರ್ಮಾನಿಸುತ್ತದೆ.

ನಮ್ಮ ಟ್ಯೂಷನ್ನುಗಳಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅಲ್ಲಿ ಕರ್ಮಣಿ ಪ್ರಯೋಗ ಅಂದರೆ ಕರ್ತೃ ಹಿಂದಕ್ಕೆ, ಕರ್ಮ ಮುಂದಕ್ಕೆ, ನಡುವೆ ಒಂದು ‘ಬೈ’. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ನೂರಾರು ವಾಕ್ಯಗಳನ್ನು ಹೀಗೆ ತಿರುಗಿಸಿ ಹಾಕುತ್ತಾರೆ. ಆದರೆ ಇಂಗ್ಲಿಷಿನವರು ದಿನಾ ಬರೆಯುವ ಕರ್ಮಣಿ ವಾಕ್ಯಗಳಲ್ಲಿ ಬಹುಪಾಲು ‘ಬೈ’ ಇರುವುದೇ ಇಲ್ಲ. ಮಾಡಿದವನ ಹೆಸರು ಬೇಡವೆಂದೇ ಆ ರೂಪವನ್ನು ಆರಿಸಿಕೊಂಡಿರುತ್ತಾರೆ. ಹಾಗೆ ಕರ್ತೃ ಜಾಗ ಖಾಲಿ ಮಾಡಿದ ಮೇಲೆ ವಾಕ್ಯದ ಭಾರ ಎಷ್ಟೋ ಸಲ ಕಾಲದ ಮೇಲೆ ಬೀಳುತ್ತದೆ. ನನಗೆ ಇದರಲ್ಲಿ ಅತ್ಯಂತ ಖುಷಿ ಕೊಡುವ ಸಂಗತಿಯೂ ಇದೇ.

ಇಂಗ್ಲಿಷಿಗೆ ಈ ಪಾಡು ಹೇಗೆ ಬಂತು? ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಕರ್ಮಣಿಗೆ ಎರಡು ಸಹಾಯಕ ಪದಗಳಿದ್ದವು. ಒಂದು ಇಂದಿನ ‘ವಾಸ್’ನ ಪೂರ್ವಜ. ಇನ್ನೊಂದು ‘ವೆಯೋರ್ಥನ್’. ಅದಕ್ಕೆ ‘ಆಗು’ ಎಂದು ಅರ್ಥ. ಒಬ್ಬನ ಕೊಲೆಯಾಯಿತು ಅನ್ನಿ, ಕೊಲೆ ನಡೆದ ಘಳಿಗೆಯನ್ನು ಹೇಳಲು ಆ ಎರಡನೇ ಪದ ಒದಗುತ್ತಿತ್ತು. ಎರಡರ ನಡುವಿನ ಗಡಿ ಗೆರೆ ಎಳೆದಷ್ಟು ಕಟ್ಟುನಿಟ್ಟಾಗೇನೂ ಇರಲಿಲ್ಲ. ಆದರೂ ಆಯ್ಕೆ ಇತ್ತು. 15ನೇ ಶತಮಾನದ ಹೊತ್ತಿಗೆ ‘ವೆಯೋರ್ಥನ್’ ಇಂಗ್ಲಿಷಿನಿಂದ ಹೆಚ್ಚೂಕಡಿಮೆ ಅಳಿಸಿಹೋಯಿತು. ಅದರ ಜರ್ಮನ್ ದಾಯಾದಿ ‘ವೆರ್ಡೆನ್’ ಮಾತ್ರ ಗಟ್ಟಿಯಾಗಿ ಉಳಿದಿದೆ. ಜರ್ಮನ್ನರು ಇಂದಿಗೂ ಬಾಗಿಲು ಮುಚ್ಚುವ ಕೆಲಸಕ್ಕೆ ‘ವುರ್ಡೆ’ ಅನ್ನುತ್ತಾರೆ, ಮುಚ್ಚಿದ್ದ ಸ್ಥಿತಿಗೆ ‘ವಾರ್’ ಅನ್ನುತ್ತಾರೆ. ಇಂಗ್ಲಿಷಿನವರು ಒಂದನ್ನು ಕಳೆದುಕೊಂಡು ಎರಡೂ ಕೆಲಸವನ್ನು ‘ವಾಸ್’ನ ತಲೆಗೆ ಕಟ್ಟಿದರು. ಆಮೇಲೆ ‘ಗಾಟ್ ಕ್ಲೋಸ್ಡ್’ ಎಂಬ ಆಡುಮಾತಿನ ರೂಪ ಬಂದು ಸ್ವಲ್ಪ ಭಾರ ಇಳಿಸಿತು. 18ನೇ ಶತಮಾನದ ಕೊನೆಗೆ ‘ಈಸ್ ಬೀಯಿಂಗ್ ಬಿಲ್ಟ್’ ತಲೆಯೆತ್ತಿತು. ಅದಕ್ಕೂ ಮೊದಲು ‘ದ ಹೌಸ್ ಈಸ್ ಬಿಲ್ಡಿಂಗ್’ ಎನ್ನುತ್ತಿದ್ದರು! 19ನೇ ಶತಮಾನದ ವ್ಯಾಕರಣದ ಪಂಡಿತರು ಹೊಸ ರೂಪವನ್ನು ಕಂಡು ಭಾಷೆಯೇ ಕೆಟ್ಟಿತೆಂದು ಸಿಡುಕಿದರು. ಇಂದು ಅದಿಲ್ಲದೆ ಒಂದು ದಿನದ ಪತ್ರಿಕೆಯೂ ಹೊರಬರುವುದಿಲ್ಲ.

ಕನ್ನಡಕ್ಕೆ ಈ ಕಷ್ಟವಿಲ್ಲ. ‘ಮುಚ್ಚಿದರು’, ‘ಮುಚ್ಚಿತ್ತು’. ಮುಗಿಯಿತು. ಕರ್ತೃವೂ ಬೇಕಿಲ್ಲ. ‘ಬೆಳಿಗ್ಗೆಯೇ ಕರೆಂಟ್ ತೆಗೆದರು’ ಅಂದರೆ ಯಾರು ತೆಗೆದರೆಂದು ಯಾರೂ ಕೇಳುವುದಿಲ್ಲ. ಕನ್ನಡದಲ್ಲಿ ಸರಿಯಾದ ಕರ್ಮಣಿ ಇಲ್ಲ, ಅದಕ್ಕೇ ವಿಜ್ಞಾನ ಬರೆಯಲು ಬಾರದು ಎಂದು ಕೆಲವರು ಹೇಳುವುದನ್ನು ಕೇಳಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬ ಪಾಠದ ವಾಕ್ಯವನ್ನೇ ಅಳತೆಗೋಲು ಮಾಡಿಕೊಂಡು ಒಂದು ಭಾಷೆಯನ್ನೇ ಅಳೆಯುವುದು ತಪ್ಪು.

ಇನ್ನು ‘ಬೈ’. ಇದು ಎರಡು ಮುಖದ ಪದ. ಚಿತ್ರದುರ್ಗದ ಕೋಟೆ 1779ರಲ್ಲಿ ಮದಕರಿ ನಾಯಕರ ಕೈತಪ್ಪಿ ಹೈದರ್ ಅಲಿಯ ವಶವಾಯಿತು. ಇಂಗ್ಲಿಷಿನಲ್ಲಿ ‘ವಾಸ್ ಟೇಕನ್ ಬೈ ಹೈದರ್’ ಅಂದರೆ ‘ಬೈ’ ಮಾಡಿದವನನ್ನು ತೋರಿಸುತ್ತದೆ. ‘ವಾಸ್ ಟೇಕನ್ ಬೈ 1780’ ಅಂದರೆ ಅದೇ ‘ಬೈ’ ಗಡುವನ್ನು ತೋರಿಸುತ್ತದೆ: ಅಷ್ಟರೊಳಗೆ ಕೋಟೆ ಹೋಗಿತ್ತು. ‘ಬೈ’ ಅಂದರೆ ‘ಇಂದ’ ಎಂದು ಬಾಯಿಪಾಠ ಮಾಡಿದ ಹುಡುಗ ಎರಡನೆಯದನ್ನು ಕಂಡು ತಬ್ಬಿಬ್ಬಾಗುವುದು ಸಹಜ.

ಇಂಥದೇ ಗೋಜಲು ನಮ್ಮ ಚಿತ್ರದುರ್ಗ ಜಿಲ್ಲೆಯ ಬಂಡೆಯ ಮೇಲೇ ಇದೆ! ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಪ್ರಾಕೃತದ ಆ ಬರಹದ ಕೊನೆಯಲ್ಲಿ ಬರೆದವನ ಸಹಿ ಇದೆ. ಚಪಡ ಎಂಬ ಲಿಪಿಕಾರನಿಂದ ಬರೆಯಲ್ಪಟ್ಟಿತು ಎಂಬ ಅಪ್ಪಟ ಕರ್ಮಣಿ ವಾಕ್ಯ. ಉಳಿದದ್ದೆಲ್ಲ ಬ್ರಾಹ್ಮಿ, ‘ಲಿಪಿಕರೇಣ’ ಎಂಬ ಒಂದು ಪದ ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ. ಅದೇ ಶಾಸನದಲ್ಲಿ ಈ ಸಾರಿಕೆ ‘ವ್ಯೂಥೇನ’ ಸಾರಲ್ಪಟ್ಟಿತು, 256 ಎಂದಿದೆ. ‘ಏನ’ ಪ್ರತ್ಯಯ ಚಪಡನ ಹೆಸರಿಗೆ ಹತ್ತಿದ್ದೇ. ಹಾಗಾದರೆ ವ್ಯೂಥ ಯಾರು? ಜರ್ಮನ್ ವಿದ್ವಾಂಸ ಬ್ಯೂಲರ್ ಇದನ್ನು ‘ಅಗಲಿದವನು’, ಅಂದರೆ ಬುದ್ಧ ಎಂದು ಓದಿದರು. 256 ಅಂದರೆ ಬುದ್ಧನ ಪರಿನಿರ್ವಾಣದ ನಂತರದ ವರ್ಷಗಳು ಎಂದರು. ಮುಂದೆ ಬಂದ ವಿದ್ವಾಂಸರಲ್ಲಿ ಬಹುತೇಕರು ಇದನ್ನು ಮಾಡಿದವನ ಹೆಸರೆಂದು ಒಪ್ಪಲಿಲ್ಲ. ರಾಜ ಪ್ರವಾಸದಲ್ಲಿ ಕಳೆದ 256 ರಾತ್ರಿಗಳು ಎಂದು ಓದಿದರು. ಒಂದು ಪ್ರತ್ಯಯ ಕರ್ತೃವನ್ನು ಹೇಳುತ್ತದೋ ಕಾಲವನ್ನು ಹೇಳುತ್ತದೋ ಎನ್ನುವುದರ ಮೇಲೆ ಇಡೀ ಬೌದ್ಧ ಕಾಲಗಣನೆಯ ವಾದ ನಿಂತಿತ್ತು. ಆದ್ದರಿಂದ ವ್ಯಾಕರಣ ಸುಮ್ನೆ ಪರೀಕ್ಷೆಗೆ ಮಾತ್ರ ಎಂದು ಯಾರೂ ತಿಳಿಯಬಾರದು.

ಮತ್ತೆ ‘ಅರ್ಲಿ’ಗೆ ಬರೋಣ. ಇದು ಯಾವ ಕ್ರಿಯಾಪದಕ್ಕೆ ಅಂಟುತ್ತದೆ, ಯಾವುದಕ್ಕೆ ಅಂಟುವುದಿಲ್ಲ ಎಂಬುದನ್ನು ನೋಡುವುದೇ ಒಂದು ಪ್ರಯೋಗ. ಕೋಟೆಯನ್ನು ಸೈನ್ಯ ಬೇಗನೆ ಸುತ್ತುವರಿಯಿತು ಎನ್ನಲು ‘ವಾಸ್ ಸರೌಂಡೆಡ್ ಅರ್ಲಿ’ ಸಲೀಸಾಗಿ ಕೂರುತ್ತದೆ. ಕೋಟೆಯ ಸುತ್ತ ಬೆಟ್ಟಗಳಿವೆ ಎನ್ನಲು ‘ಸರೌಂಡೆಡ್ ಬೈ ಹಿಲ್ಸ್’ ಅನ್ನುತ್ತಾರೆ. ಅಲ್ಲಿ ‘ಅರ್ಲಿ’ ಹಾಕಿದರೆ ಹಾಸ್ಯಾಸ್ಪದ. ಬೆಟ್ಟಗಳು ಯಾವಾಗಲೋ ಎದ್ದು ಬಂದು ಸುತ್ತುಗಟ್ಟಿದವೇನು? ಬರೀ ಇರುವಿಕೆ ಹೇಳುವ ಮಾತಿಗೆ ಬೇಗ-ತಡ ಎಂಬುದಿಲ್ಲ.

ಆದರೆ ‘ನೋನ್’ ಎಂಬ ಪದ ಇಲ್ಲಿ ಚಮತ್ಕಾರ ಮಾಡುತ್ತದೆ. ತಿಳಿದಿರುವುದು ಒಂದು ಸ್ಥಿತಿ. ಆದರೂ ‘ಬ್ರಹ್ಮಗಿರಿ ಶಾಸನ ವಾಸ್ ನೋನ್ ಆ್ಯಸ್ ಅರ್ಲಿ ಆ್ಯಸ್ 1892’ ಅಂದರೆ ಒಪ್ಪುತ್ತದೆ. ಕಾಲದ ಪದ ಆ ಸ್ಥಿತಿಯ ಬಾಲ ಹಿಡಿದು ಅದು ಹುಟ್ಟಿದ ಘಳಿಗೆಗೆ ಎಳೆದುಕೊಂಡು ಹೋಗುತ್ತದೆ. ಆಗ ‘ತಿಳಿದಿತ್ತು’ ಎಂಬುದು ‘ತಿಳಿದುಬಂತು’ ಎಂದಾಗುತ್ತದೆ. ‘ಆ್ಯಸ್ ಅರ್ಲಿ ಆ್ಯಸ್’ ಎಂಬ ಮೂರು ಪದದ ಅಚ್ಚರಿಯನ್ನು ಕನ್ನಡ ಒಂದೇ ‘ಏ’ಯಲ್ಲಿ ಹೇಳುತ್ತದೆ: 1892ರಲ್ಲೇ.

ದೀರ್ಘ ಕಾಲ ನಡೆಯುವ ಕೆಲಸಗಳಲ್ಲಿ ಇನ್ನೊಂದು ವಿಚಿತ್ರ ಇದೆ. ಹಿರಿಯೂರು ಬಳಿಯ ವಾಣಿವಿಲಾಸ ಸಾಗರದ ಕಟ್ಟೆ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಇದನ್ನು ‘ವಾಸ್ ಬಿಲ್ಟ್ ಅರ್ಲಿ ಇನ್ ದ ಟ್ವೆಂಟಿಯತ್ ಸೆಂಚುರಿ’ ಎಂದು ಬರೆದರೆ ಯಾರೂ ತಪ್ಪು ಅನ್ನುವುದಿಲ್ಲ. ಅಡಿಪಾಯ ಹಾಕಿದ್ದು ಹಿಂದಿನ ಶತಮಾನದಲ್ಲಿ! ಮುಗಿಯುವ ಗುರಿ ಇರುವ ಕೆಲಸದ ಕರ್ಮಣಿಗೆ ಕಾಲದ ಪದ ಸೇರಿದರೆ ಅದು ಸಾಮಾನ್ಯವಾಗಿ ಮುಗಿದ ತುದಿಗೆ ಹೋಗಿ ಕೂರುತ್ತದೆ. ಶುರುವಾದ ವರ್ಷ ಬೇಕಾದರೆ ‘ವಾಸ್ ಬಿಗನ್’ ಎಂದು ಬೇರೆಯೇ ಹೇಳಬೇಕು. ಕ್ವಿಜ್‌ಗಳಲ್ಲಿ ಕಟ್ಟೆ ಯಾವ ಶತಮಾನದ್ದು ಎಂದು ಜಗಳ ಬಂದರೆ ಅದಕ್ಕೆ ಕಾರಣ ಇತಿಹಾಸವಲ್ಲ, ‘ಬಿಲ್ಟ್’ ಎಂಬ ಪದ.

‘ಅರ್ಲಿ’ ಕೂರುವ ಜಾಗವೂ ಮುಖ್ಯ. ಹಳೆಯ ಗೆಜೆಟಿಯರ್ ಶೈಲಿಯ ಇಂಗ್ಲಿಷಿನಲ್ಲಿ ‘ವಾಸ್ ಅರ್ಲಿ ಸೆಟಲ್ಡ್’ ಎಂಬಂಥ ಮಾತು ಸಿಗುತ್ತದೆ. ಊರಿನ ಚರಿತ್ರೆಯ ಮೊದಲ ಹಂತದಲ್ಲೇ ಜನ ನೆಲೆಸಿದರು ಎಂದು ಅದರ ಅರ್ಥ. ‘ವಾಸ್ ಸೆಟಲ್ಡ್ ಅರ್ಲಿ’ ಎಂದು ಕೊನೆಗೆ ತಂದರೆ ಜಗಳವೋ ಬಿಲ್ಲೋ ಬೇಗ ಇತ್ಯರ್ಥವಾಯಿತು ಎಂದೂ ಕೇಳಿಸಬಹುದು. ಇಂದಿನ ಮಾತಿನಲ್ಲಿ ಮೊದಲನೇ ಕ್ರಮ ಅಪರೂಪ. ಅದನ್ನು ಕಂಡ ಕೂಡಲೇ ತಪ್ಪೆಂದು ಕೆಂಪು ಗೆರೆ ಎಳೆಯುವ ಮೇಷ್ಟ್ರುಗಳು ಒಮ್ಮೆ ವಾಕ್ಯ ಯಾವ ಕಾಲದ್ದೆಂದು ನೋಡಲಿ. ಕೊನೆಗೆ ತಂದರೆ ಅರ್ಥ ಉಳಿಯುತ್ತದೋ ಎಂದು ಮಕ್ಕಳಿಗೇ ಕೇಳಲಿ.